ಗೊರಸಿನೊಳಗಿನ ಮೂಳೆ: ಎಕ್ಸ್-ರೇ, ಸಿಟಿ, ಮತ್ತೆ ಕೈಯಲ್ಲಿ ಹಿಡಿದ ಎಲುಬು

ಕುದುರೆ ಪ್ರತಿ ಕಾಲಿನಲ್ಲೂ ಒಂದೇ ಬೆರಳಿನ ಮೇಲೆ ನಿಲ್ಲುವ ಪ್ರಾಣಿ. ಆ ಬೆರಳಿನ ಕೊನೆಯ ಮೂಳೆ ಕಾಫಿನ್ ಬೋನ್. ಅದರ ಹಿಂದೆ ದೋಣಿಯಾಕಾರದ ಪುಟ್ಟ ನಾವಿಕ್ಯುಲರ್ ಮೂಳೆ ಇದೆ. ಎರಡೂ ಗೊರಸಿನೊಳಗೆ ಮುಚ್ಚಿಹೋಗಿವೆ. ಮುಟ್ಟಿ ನೋಡಲು ಆಗದು, ಒತ್ತಿ ಊತ ಗುರುತಿಸಲೂ ಆಗದು. ದೇಹದ ಭಾರದಲ್ಲಿ ಸುಮಾರು ಶೇಕಡಾ 60ರಷ್ಟನ್ನು ಮುಂಗಾಲುಗಳೇ ಹೊರುವುದರಿಂದ, ಕುಂಟುವ ಕುದುರೆ ಬಂದಾಗ ಬಹಳಷ್ಟು ಸಲ ನಮ್ಮ ಗಮನ ಹೋಗುವುದು ಮುಂಗಾಲಿನ ಗೊರಸಿಗೇ. ಹಾಗಾಗಿ ಚಿತ್ರವೇ ನಮಗೆ ಕಣ್ಣು. ಆದರೆ ಚಿತ್ರದಲ್ಲಿ ಕಾಣುವ ಪ್ರತಿ ರಂಧ್ರ, ಪ್ರತಿ ಕಚ್ಚೂ ರೋಗವಲ್ಲ. ಆರೋಗ್ಯವಂತ ಮೂಳೆಯ ಚಿತ್ರ ಹೇಗಿರುತ್ತದೆಂದು ತಿಳಿಯಲು ನಾನು ಹಿಡಿದ ದಾರಿ ಇದು: ಒಂದೇ ಕಾಲಿನ ಎಕ್ಸ್-ರೇ ತೆಗೆಯುವುದು, ಸಿಟಿ ಸ್ಕ್ಯಾನ್ (ಪದರ ಪದರವಾಗಿ ತೆಗೆಯುವ ಎಕ್ಸ್-ರೇ) ಮಾಡುವುದು, ಕೊನೆಗೆ ಮೂಳೆಯನ್ನೇ ಹೊರತೆಗೆದು ಚಿತ್ರದ ಪಕ್ಕದಲ್ಲಿ ಇಟ್ಟು ನೋಡುವುದು.

ಇದಕ್ಕೆ ಬಳಸುವುದು ಬೇರೆ ಕಾರಣಗಳಿಂದ ಸತ್ತ ಕುದುರೆಗಳ ಕಾಲುಗಳನ್ನು, ಅದೂ ಮಾಲೀಕರ ಒಪ್ಪಿಗೆ ಪಡೆದ ಮೇಲೆ. ಕತ್ತರಿಸಿದ ತಕ್ಷಣ ಎಡವೋ ಬಲವೋ, ಮುಂದಿನದೋ ಹಿಂದಿನದೋ ಎಂದು ಚೀಟಿ ಕಟ್ಟಿ ಫ್ರೀಜರಿಗೆ ಹಾಕುತ್ತೇನೆ. ಮುಂಗಾಲಿನ ಕಾಫಿನ್ ಬೋನ್ ದುಂಡಗೆ ಅಗಲವಾಗಿರುತ್ತದೆ, ಹಿಂಗಾಲಿನದು ಕಿರಿದಾಗಿ ಮುಂದಕ್ಕೆ ಚೂಪಾಗಿರುತ್ತದೆ. ಇದನ್ನು ನೋಡಿ ಹೇಳಬಹುದು. ಎಡ-ಬಲ ಮಾತ್ರ ಅಷ್ಟು ಸುಲಭವಲ್ಲ, ಚೀಟಿಯನ್ನೇ ನಂಬಬೇಕು.

ತಯಾರಿಯಲ್ಲಿ ಮೊದಲ ಕೆಲಸ ಲಾಳ ಮತ್ತು ಮೊಳೆ ಕೀಳುವುದು. ಒಂದು ಮೊಳೆ ಉಳಿದರೂ ಸಿಟಿ ಚಿತ್ರದ ತುಂಬ ಗೆರೆಗಳು ಚಿಮ್ಮುತ್ತವೆ. ಆಮೇಲೆ ಗೊರಸಿನ ತಳವನ್ನು ಚೆನ್ನಾಗಿ ಕೆರೆದು, ಬ್ರಶ್‌ನಿಂದ ಉಜ್ಜಿ, ಫ್ರಾಗಿನ (ತಳದ ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗ) ನಡುವೆ ಮತ್ತು ಅಕ್ಕಪಕ್ಕ ಇರುವ ಕೊರಕಲುಗಳಿಗೆ ಮಕ್ಕಳು ಆಡುವ ಮೆತ್ತನೆಯ ಕ್ಲೇ ತುಂಬುತ್ತೇನೆ. ಬೇಡದ ಕೆಲಸವೆಂದು ಇದನ್ನು ಬಿಡುವವರೇ ಹೆಚ್ಚು. ನನ್ನ ಮಟ್ಟಿಗೆ ಎಕ್ಸ್-ರೇಯಲ್ಲಿ ಇದಕ್ಕಿಂತ ಮುಖ್ಯವಾದ ಹಂತವಿಲ್ಲ. ಕೊರಕಲಿನಲ್ಲಿ ನಿಂತ ಗಾಳಿ ಚಿತ್ರದಲ್ಲಿ ಕಪ್ಪು ಗೆರೆಯಾಗಿ ಮೂಳೆಯ ಮೇಲೆ ಹಾದುಹೋಗುತ್ತದೆ. ನೋಡಿದರೆ ಥೇಟ್ ಮೂಳೆ ಮುರಿದ ಹಾಗೆ. ಅನುಮಾನ ಬಂದರೆ ಕೋನ ಸ್ವಲ್ಪ ಬದಲಿಸಿ ಇನ್ನೊಂದು ಚಿತ್ರ ತೆಗೆಯುತ್ತೇನೆ. ಗೆರೆ ಮೂಳೆಯ ಅಂಚನ್ನು ದಾಟಿ ಹೊರಗೂ ಮುಂದುವರಿದರೆ ಅದು ಗಾಳಿಯೇ.

ಎಕ್ಸ್-ರೇಗೆ ಕಾಲನ್ನು ಮರದ ಹಲಗೆಯ ಮೇಲೆ ನಿಲ್ಲಿಸುತ್ತೇನೆ, ಕಿರಣದ ನಡುಭಾಗ ಗೊರಸಿನ ತಳಕ್ಕಿಂತ ತುಸು ಮೇಲೆ ನೇರವಾಗಿ ಹಾಯಲಿ ಎಂದು. ಜೀವಂತ ಕುದುರೆಯಾದರೆ ಎರಡೂ ಮುಂಗಾಲುಗಳಿಗೆ ಒಂದೇ ಎತ್ತರದ ಹಲಗೆ ಬೇಕು. ಇಲ್ಲದಿದ್ದರೆ ಭಾರ ಒಂದು ಕಡೆ ವಾಲಿ ಕೀಲಿನ ಸಂದು ಓರೆಯಾಗಿ ಕಾಣುತ್ತದೆ. ಪಕ್ಕದಿಂದ ತೆಗೆದ ಚಿತ್ರ ಸರಿಯಾಗಿದೆಯೇ ಎಂದು ತಿಳಿಯಲು ಕಾಫಿನ್ ಬೋನಿನ ಎರಡು ಹಿಂಚಾಚುಗಳನ್ನು ನೋಡುತ್ತೇನೆ. ಅವು ಒಂದರ ಮೇಲೊಂದು ಕೂತಿರಬೇಕು. ಗೊರಸಿನ ಮುಂಭಿತ್ತಿಗೆ ಒಂದು ತಂತಿ ಅಂಟಿಸಿದರೆ, ಆರೋಗ್ಯವಂತ ಪಾದದಲ್ಲಿ ತಂತಿಯೂ ಮೂಳೆಯ ಮುಂಭಾಗವೂ ಸಮಾನಾಂತರವಾಗಿ ಸಾಗುವುದು ಕಾಣುತ್ತದೆ. ಗೊರಸನ್ನು ಮೂಳೆಗೆ ಹಿಡಿದಿಡುವ ಪದರ ಊದಿಕೊಳ್ಳುವ ರೋಗವಾದ ಲ್ಯಾಮಿನೈಟಿಸ್‌ನಲ್ಲಿ ಮೂಳೆ ತಿರುಗಿದಾಗ ಮೊದಲು ಕೆಡುವುದು ಈ ಸಮಾನಾಂತರವೇ. ನಾವಿಕ್ಯುಲರ್ ಮೂಳೆಗೆ ಮಾತ್ರ ಪಕ್ಕದ ಚಿತ್ರ ಸಾಲದು. ಮುಂದಿನಿಂದ ಓರೆಯಾಗಿ ಒಂದು, ಹಿಮ್ಮಡಿಯ ಕಡೆಯಿಂದ ಕೆಳಕ್ಕೆ ಇಳಿಸಿ ಇನ್ನೊಂದು ಬೇಕೇ ಬೇಕು. ಸ್ನಾಯುರಜ್ಜು ಉಜ್ಜಿ ಸಾಗುವ ಅದರ ಹಿಂಮೈ ಚೆನ್ನಾಗಿ ತೆರೆದುಕೊಳ್ಳುವುದು ಈ ಕೊನೆಯ ಚಿತ್ರದಲ್ಲಿ.

ಮಂಜುಗಟ್ಟಿದ ಕಾಲನ್ನು ಸಿಟಿಗೆ ಹಾಗೆಯೇ ಹಾಕಬಹುದು, ಮೂಳೆಯ ಆಕಾರಕ್ಕೆ ತೊಂದರೆಯಿಲ್ಲ. ಎಂಆರ್‌ಐಗೆ ಪೂರ್ತಿ ಕರಗಿಸಲೇಬೇಕು, ಮಂಜುಗಟ್ಟಿದ ನೀರಿನಿಂದ ಸಂಕೇತ ಬರುವುದಿಲ್ಲ. ಸ್ನಾಯುರಜ್ಜು, ಮೂಳೆಯೊಳಗಿನ ದ್ರವ ಇವುಗಳಿಗೆ ಎಂಆರ್‌ಐ ಒಳ್ಳೆಯದು. ಮೂಳೆಯ ರೂಪವೇ ಬೇಕೆಂದಾಗ ನಾನು ಸಿಟಿಗೇ ಹೋಗುತ್ತೇನೆ. ಪದರದ ದಪ್ಪ 1 ಮಿಲಿಮೀಟರಿಗಿಂತ ಕಡಿಮೆ ಇಟ್ಟುಕೊಂಡು, ಫೈಲುಗಳನ್ನು ತ್ರೀಡಿ ಸ್ಲೈಸರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯುತ್ತೇನೆ.

ಇಲ್ಲಿಂದ ಮುಂದಿನದು ತಾಳ್ಮೆಯ ಕೆಲಸ: ಚಿತ್ರದಲ್ಲಿ ಮೂಳೆಯನ್ನು ಸುತ್ತಲಿನ ಭಾಗಗಳಿಂದ ಬೇರ್ಪಡಿಸುವುದು. ಸಾಂದ್ರತೆಯನ್ನು ಅಂಕಿಯಲ್ಲಿ ತೋರುವ ಸಿಟಿಯ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ಗಾಳಿ -1000, ನೀರು 0. ಗಟ್ಟಿ ಮೂಳೆ ಬಹಳ ಮೇಲೆ. ಒಂದು ಅಂಕಿಯನ್ನು ಗೆರೆಯಾಗಿಟ್ಟು ಅದಕ್ಕಿಂತ ಮೇಲಿನದೆಲ್ಲ ಮೂಳೆ ಎಂದರೆ ಉದ್ದನೆಯ ಎಲುಬುಗಳಲ್ಲಿ ಹೇಗೋ ನಡೆಯುತ್ತದೆ. ಕಾಫಿನ್ ಬೋನಿನಲ್ಲಿ ನಡೆಯುವುದಿಲ್ಲ. ಅದರ ಕೆಳಅಂಚು ತೆಳು, ಮೈತುಂಬ ಸಣ್ಣ ರಂಧ್ರ. ಗೆರೆ ಮೇಲಿಟ್ಟರೆ ಅಂಚು ಕರಗಿಹೋಗುತ್ತದೆ, ಕೆಳಗಿಟ್ಟರೆ ರಂಧ್ರಗಳು ಮುಚ್ಚಿಹೋಗಿ ನಾವಿಕ್ಯುಲರ್ ಮೂಳೆ ಕಾಫಿನ್ ಬೋನಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ತಂತ್ರಾಂಶ ಕೊಟ್ಟ ಆಕಾರವನ್ನು ಆರಂಭ ಎಂದಷ್ಟೇ ಪರಿಗಣಿಸಿ, ಪದರ ಪದರವಾಗಿ ಕೈಯಿಂದ ತಿದ್ದುತ್ತೇನೆ.

ತಿದ್ದುವಾಗಲೇ ಈ ಮೂಳೆಯ ಸೊಗಸು ಕಾಣುವುದು. ಕೆಳಮೈಯ ಎರಡು ರಂಧ್ರಗಳಿಂದ ರಕ್ತನಾಳಗಳು ಒಳಹೊಕ್ಕು, ಮೂಳೆಯ ಒಳಗೇ ಕಮಾನಿನಂತೆ ಕೂಡಿಕೊಂಡು, ಅಲ್ಲಿಂದ ಸುತ್ತಲೂ ಕವಲೊಡೆದು ಹೊರಬರುತ್ತವೆ. ಎಕ್ಸ್-ರೇಯಲ್ಲಿ ಅಂಚಿನತ್ತ ಹರಡಿದ ಕಪ್ಪು ಪಟ್ಟಿಗಳಾಗಿ ಕಾಣುವುದು ಈ ಕಾಲುವೆಗಳೇ. ಮೂಳೆಯ ಮುಂತುದಿಯಲ್ಲಿ ನಡುವೆ ಒಂದು ಕಚ್ಚು ಇರುವುದೂ ಹಲವು ಕುದುರೆಗಳಲ್ಲಿ ಸಹಜ. ಅದನ್ನು ಸವೆತ ಎಂದು ಬರೆದ ವರದಿಗಳನ್ನು ನೋಡಿ ಬೇಸರಪಟ್ಟಿದ್ದೇನೆ. ನಾವಿಕ್ಯುಲರಿನ ಕೆಳಅಂಚಿನಲ್ಲೂ ಹಾಗೆಯೇ, ಸಣ್ಣ ಶಂಕುವಿನಂಥ ಕೆಲವು ಗುಳಿಗಳು ಸಹಜ. ಅವು ಹಿಗ್ಗಿ ಗುಂಡು ತಲೆ ಪಡೆದಿದ್ದರೆ, ಅಥವಾ ಇಳಿಜಾರಾದ ಪಕ್ಕದ ಅಂಚುಗಳಲ್ಲಿ ಮೂಡಿದ್ದರೆ ಆಗ ನಿಲ್ಲಿಸಿ ನೋಡಬೇಕು.

ಕೊನೆಗೆ ಗೊರಸನ್ನು ಬಿಡಿಸಿ ಮೂಳೆಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕುತ್ತೇನೆ, ಮಾಂಸ ತಾನಾಗಿ ಬಿಡುವವರೆಗೆ. ತೆಳು ಅಂಚಿನ ಮೇಲಿನ ಕಾಳಜಿಯಿಂದ ಕುದಿಸುವುದಿಲ್ಲ. ವಾಸನೆ ಸಹಿಸಬೇಕಾಗುತ್ತದೆ. ಒಣಗಿದ ಮೇಲೆ ಕಾಲುವೆಯೊಳಗೆ ಮೆತ್ತನೆಯ ತೆಳು ತಂತಿ ತೂರಿಸಿ ಮತ್ತೊಮ್ಮೆ ಎಕ್ಸ್-ರೇ ತೆಗೆಯುತ್ತೇನೆ. ಯಾವ ಕಪ್ಪು ಪಟ್ಟಿ ಯಾವ ದಾರಿ ಎಂಬುದು ಆಗ ಸಂಶಯವಿಲ್ಲದೆ ತಿಳಿಯುತ್ತದೆ. ವಿದ್ಯಾರ್ಥಿಗಳ ಕೈಗೂ ಇದೇ ಮೂಳೆ, ಇದೇ ಚಿತ್ರಗಳು ಹೋಗುತ್ತವೆ.

ಜೀವಂತ ಕುದುರೆಯ ಚಿತ್ರ ತೆಗೆಯುವಾಗ ಎಕ್ಸ್-ರೇ ಪ್ಲೇಟನ್ನು ಬರಿಗೈಯಲ್ಲಿ ಹಿಡಿಯಲು ನಾನು ಯಾರಿಗೂ ಬಿಡುವುದಿಲ್ಲ. ಉದ್ದ ಹಿಡಿಕೆಯ ಹೋಲ್ಡರ್, ಸೀಸದ ಏಪ್ರನ್, ಕುದುರೆಗೆ ಮಂಪರಿನ ಮದ್ದು. ಇನ್ನು ಮರಿಗಳ ವಿಷಯ ಬೇರೆಯೇ. ಹುಟ್ಟಿದಾಗ ಕಾಫಿನ್ ಬೋನಿನ ಹಿಂಚಾಚುಗಳು ಇನ್ನೂ ಮೊಟುಕಾಗಿರುತ್ತವೆ, ವಯಸ್ಸಿನೊಂದಿಗೆ ಹಿಂದಕ್ಕೆ ಬೆಳೆಯುತ್ತವೆ. ಅದಕ್ಕೇ ಮರಿಗಳ ಚಿತ್ರಗಳಿಗೆ ವಯಸ್ಸಿನ ಪ್ರಕಾರ ಜೋಡಿಸಿದ ಬೇರೆ ಸಂಗ್ರಹ ಇಟ್ಟಿದ್ದೇನೆ. ಬೆಳೆದ ಕುದುರೆಯ ಮಾದರಿಯೊಂದಿಗೆ ಅವನ್ನು ಹೋಲಿಸುವುದಿಲ್ಲ.