ಸೂಪರ್‌ಮ್ಯಾನ್ ಹಿಂದಿನ ಆ ಗಾಜಿನ ಕಿಟಕಿ

ನಮ್ಮ ಯೌವನಸ್ಥರ ಕೂಟದಲ್ಲಿ ಸೂಪರ್‌ಹೀರೋ ಸಿನಿಮಾ ಇಟ್ಕೊಂಡು ಬೈಬಲ್ ವಾಕ್ಯ ಓದೋದನ್ನ ಶುರು ಮಾಡಿದಾಗ ನಾನು ಮಾಡ್ತಿದ್ದಿದ್ದು ಬರೀ ಯೇಸುಸ್ವಾಮಿ ಜೊತೆ ಹೋಲಿಕೆ ಹುಡುಕೋ ಕೆಲಸ. 2013ರ ಸೂಪರ್‌ಮ್ಯಾನ್ ಸಿನಿಮಾ ಮ್ಯಾನ್ ಆಫ್ ಸ್ಟೀಲ್ ಅಂತೂ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು, ಹೀರೋಗೆ 33 ವರ್ಷ, ತಂದೆ ಭೂಮಿಗೆ ಕಳಿಸಿದ ಒಬ್ಬನೇ ಮಗ, ಆಕಾಶನೌಕೆಯಿಂದ ಎರಡೂ ಕೈ ಚಾಚಿ ಶಿಲುಬೆ ಥರಾನೇ ಕೆಳಗೆ ಬರ್ತಾನೆ, ನಾನು ನಿಲ್ಲಿಸಿ ನಿಲ್ಲಿಸಿ ತೋರಿಸ್ತಿದ್ದೆ. ಮುಗಿದ ಮೇಲೆ ಒಬ್ಬ ಹುಡುಗ ಬಂದು "ಅಣ್ಣಾ, ಹಾಗಾದ್ರೆ ಯೇಸುಸ್ವಾಮೀನೂ ಒಬ್ಬ ಸೂಪರ್‌ಹೀರೋ ತಾನೇ?" ಅಂದ. ನನಗೆ ಹೌದು ಅನ್ನೋಕೂ ಆಗ್ಲಿಲ್ಲ, ಅಲ್ಲ ಅನ್ನೋಕೂ ಬಾಯಿ ಬರ್ಲಿಲ್ಲ, ಯಾಕಂದ್ರೆ ಅವನಿಗೆ ಹಾಗೆ ಹೇಳಿಕೊಟ್ಟಿದ್ದು ನಾನೇ.

ಆಮೇಲೆ ಅದೇ ಸಿನಿಮಾನ ಒಬ್ಬನೇ ಕೂತು ಮತ್ತೆ ನೋಡ್ದೆ. ಶತ್ರು ಜಾಡ್ ಕೈಗೆ ತನ್ನನ್ನ ಒಪ್ಪಿಸ್ಕೋಬೇಕಾ ಬೇಡ್ವಾ ಅಂತ ಕ್ಲಾರ್ಕ್, ಅಂದ್ರೆ ಸೂಪರ್‌ಮ್ಯಾನ್, ಚರ್ಚ್‌ನಲ್ಲಿ ಪಾದ್ರಿ ಹತ್ರ ಮಾತಾಡೋ ಸೀನ್ ಇದೆ, ಅವನ ಭುಜದ ಹಿಂದೆ ಬಣ್ಣದ ಗಾಜಿನ ಕಿಟಕಿ, ಅದ್ರಲ್ಲಿ ಯೇಸು ತನ್ನನ್ನ ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥನೆ ಮಾಡ್ತಿರೋ ಚಿತ್ರ. ಅಲ್ಲಿ ನಿಲ್ಲಿಸಿ ಬೈಬಲ್‌ನಲ್ಲಿ ಮತ್ತಾಯ 26, ಲೂಕ 22 ತೆಗೆದೆ. ಶಿಷ್ಯ ಕತ್ತಿ ಬೀಸಿ ಮಹಾಯಾಜಕನ ಆಳಿನ ಬಲಗಿವಿ ಕತ್ತರಿಸ್ತಾನೆ, ಯೇಸುಸ್ವಾಮಿ ಕತ್ತಿ ಒರೆಗೆ ಹಾಕು ಅಂತಾರೆ, ಕೇಳಿದ್ರೆ ತಂದೆ 12 ದಳಕ್ಕಿಂತ ಹೆಚ್ಚು ದೇವದೂತರನ್ನ ಕಳಿಸ್ತಿದ್ರು ಆದ್ರೆ ಕೇಳಲ್ಲ, ಹಿಡಿಯೋಕೆ ಬಂದವನ ಕಿವಿ ಮುಟ್ಟಿ ವಾಸಿ ಮಾಡ್ತಾರೆ. ಸಿನಿಮಾದಲ್ಲಿ ಆ ಕಿಟಕಿ ಮುಂದೆ ಕೂತಿದ್ದವನು ಕೊನೆಗೆ ಜಾಡ್‌ನ ಕತ್ತು ಮುರೀತಾನೆ. ಒಂದು ಕುಟುಂಬ ಉಳಿಸೋಕೆ ಬೇರೆ ದಾರಿ ಕಾಣ್ದೆ ಮಾಡ್ತಾನೆ, ಮಾಡಿ ಚೀರ್ತಾನೆ, ಆ ಸಂಕಟ ನಿಜವಾದದ್ದೇ. ಆದ್ರೂ ಅಲ್ಲಿ ಜಯ ಬಂದಿದ್ದು ತೋಳಿನ ಬಲದಿಂದ.

ಈಗ ನಾನು ಹೋಲಿಕೆ ಕೇಳೋದು ಐದೇ ನಿಮಿಷ, ಆಮೇಲೆ ಕೇಳೋ ಪ್ರಶ್ನೆ ಒಂದೇ, ಶತ್ರುಗೆ ಏನಾಯ್ತು? ಎಲ್ಲವನ್ನೂ ಯೇಸು ಕಡೆಗೇ ಎಳೆಯೋದನ್ನೂ ಬಿಟ್ಟಿದೀನಿ. 1938ರಲ್ಲಿ ಸೂಪರ್‌ಮ್ಯಾನ್‌ನ ಜನಕ್ಕೆ ಕೊಟ್ಟ ಸೀಗಲ್ ಮತ್ತು ಶುಸ್ಟರ್ ಇಬ್ಬರೂ ಯೆಹೂದ್ಯರು, ಸಾಯೋ ಲೋಕದಿಂದ ಪುಟ್ಟ ನೌಕೆಯಲ್ಲಿ ಮಗುನ ಸಾಗಹಾಕೋದನ್ನ ನೋಡಿದ್ರೆ ನನಗೆ ಮೊದಲು ನೆನಪಾಗೋದು ವಿಮೋಚನಕಾಂಡದಲ್ಲಿ ಪ್ರಾಣ ಉಳಿಸೋಕೆ ಬುಟ್ಟಿಯಲ್ಲಿಟ್ಟು ನದಿಯಲ್ಲಿ ಬಿಟ್ಟ ಮಗು, ಮೋಶೆ.

ಹೋಲಿಕೆ ಅಂತ ಕೇಳಿದ್ರೆ ನನಗೆ 2004ರ ಸ್ಪೈಡರ್‌ಮ್ಯಾನ್ 2ರ ಟ್ರೈನ್ ಸೀನೇ ಹೆಚ್ಚು ಇಷ್ಟ. ಕೈ ಚಾಚಿ ಟ್ರೈನ್ ನಿಲ್ಲಿಸಿ ಪ್ರಜ್ಞೆ ತಪ್ತಾನೆ, ಮುಖವಾಡ ಇಲ್ಲ, ಜನ ತಲೆ ಮೇಲೆ ಎತ್ಕೊಂಡು ಹೋಗಿ ಮಲಗಿಸ್ತಾರೆ, ಇಷ್ಟು ಚಿಕ್ಕವನಾ ಅಂತ ನೋಡ್ತಾರೆ. ಅಲ್ಲಿ ಅವನ ಶಕ್ತಿ ಪೂರ್ತಿ ಖಾಲಿ.

ಹೋದ ಸಲ ಗೆತ್ಸೇಮನೆ ಭಾಗ ಓದಿದಾಗ ಒಬ್ಬಳು ಹುಡುಗಿ ಸುಮಾರು ಹೊತ್ತು ಸುಮ್ಮನಿದ್ದು, "ಅಣ್ಣಾ, ಆ ಆಳು ಮನೆಗೆ ಹೋದ ಮೇಲೆ ಎಷ್ಟು ಸಲ ಕಿವಿ ಮುಟ್ಟಿ ನೋಡ್ಕೊಂಡಿರ್ತಾನೋ" ಅಂದ್ಳು. ಆವತ್ತು ಸಿನಿಮಾ ಮುಂದಕ್ಕೆ ಹಾಕ್ಲೇ ಇಲ್ಲ, ಅವನ ಬಗ್ಗೆನೇ ಮಾತಾಡ್ತಾ ಕೂತ್ವಿ.