ಶ್ರೀಲಂಕಾದ ತುಡುವೆ ಜೇನು: ಹಿಡಿಯುವುದು, ಕೂರಿಸುವುದು, ಉಳಿಸಿಕೊಳ್ಳುವುದು

ಶ್ರೀಲಂಕಾದಲ್ಲಿ ತುಪ್ಪಕ್ಕಾಗಿ ಚೌಕಟ್ಟಿನ ಪೆಟ್ಟಿಗೆಯಲ್ಲಿ ಸಾಕುವ ಜೇನು ತುಡುವೆ. ಸಿಂಹಳದಲ್ಲಿ ಮೀ ಮಸ್ಸಾ. ಬಂಬರಾ ಎನ್ನುವ ಹೆಜ್ಜೇನೂ ದಂಡುವೆಲ್ ಎನ್ನುವ ಕೋಲುಜೇನೂ ಬಯಲಲ್ಲಿ ಒಂದೇ ಎರಿ (ಮೇಣದ ಹಲ್ಲೆ) ಕಟ್ಟುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ತುಡುವೆಯನ್ನು ಹಿಡಿಯುವುದು ಕಷ್ಟವಲ್ಲ. ಹಸಿವಾದರೆ, ಇರುವೆ ಕಾಡಿದರೆ, ಪದೇಪದೇ ಮುಚ್ಚಳ ತೆಗೆದರೆ ಇಡೀ ಕುಟುಂಬವೇ ಗೂಡು ಬಿಟ್ಟು ಹೋಗುತ್ತದೆ. ಅದನ್ನು ತಡೆಯುವುದರಲ್ಲೇ ಸಾಕಣೆಯ ಜಾಣ್ಮೆಯೆಲ್ಲ ಇದೆ.

ಹಿಡಿಯಲು ಹಳೆಯ ಮಣ್ಣಿನ ಮಡಕೆಯೇ ಸಾಕು. 10ರಿಂದ 15 ಲೀಟರ್ ಹಿಡಿಯುವ ಮಡಕೆಯ ಒಳಮೈಗೆ ಜೇನುಮೇಣ ಉಜ್ಜಿ, ಬಾಯಿಗೆ ಹಲಗೆ ಮುಚ್ಚಿ ಅಂಚಿಗೆ ಮಣ್ಣು ಮೆತ್ತಿ, ಬೆರಳು ತೂರುವಷ್ಟು ಒಂದು ತೂತು ಬಿಡಿ. ನೆರಳಿರುವ ಮರಕ್ಕೆ 2–3 ಮೀಟರ್ ಎತ್ತರದಲ್ಲಿ ಕಟ್ಟಿ. ಹುಳುಗಳು ಸೇರಿದ ಕೂಡಲೇ ಇಳಿಸಬೇಡಿ. ಮೂರ್ನಾಲ್ಕು ಎರಿಗಳಲ್ಲಿ ಮರಿ ತುಂಬುವವರೆಗೆ ಕಾಯಿರಿ. ಕುಟುಂಬವನ್ನು ಗೂಡಿಗೆ ಕಟ್ಟಿಹಾಕುವುದು ಮರಿಗಳೇ.

ಪೆಟ್ಟಿಗೆ ತುಡುವೆಗೆ ಹೊಂದುವ ನ್ಯೂಟನ್ ಮಾದರಿಯದಾಗಿರಲಿ: ಸಂಸಾರ ಕೋಣೆಯ, ಅಂದರೆ ಮರಿ ಬೆಳೆಯುವ ಕೆಳಕೋಣೆಯ, ಚೌಕಟ್ಟಿನ ಒಳ ಅಳತೆ ಸುಮಾರು 20.5 × 14.5 ಸೆಂ.ಮೀ. ಒಂದು ಚೌಕಟ್ಟಿನ ನಡುವಿನಿಂದ ಇನ್ನೊಂದರ ನಡುವಿಗೆ 31 ಮಿ.ಮೀ. ಇರಬೇಕು. ಯುರೋಪಿನ ಜೇನಿಗೆ ಬಿಡುವ 35 ಮಿ.ಮೀ. ಬಿಟ್ಟರೆ ನಡುವೆ ಅಡ್ಡ ಎರಿ ಕಟ್ಟಿ ಚೌಕಟ್ಟುಗಳನ್ನೇ ಬೆಸೆದುಬಿಡುತ್ತವೆ.

ಕೂರಿಸುವ ಕೆಲಸ ಸಂಜೆ, ಮಳೆಯಿಲ್ಲದ ದಿನ. ತೆಂಗಿನ ಸಿಪ್ಪೆಯ ಹೊಗೆ ಎರಡು ಊದು ಸಾಕು, ಹೆಚ್ಚಾದರೆ ಹುಳುಗಳು ಗಾಬರಿಯಾಗಿ ಓಡಾಡುತ್ತವೆ. ಮರಿಯಿರುವ ಎರಿಗಳನ್ನು ಒಂದೊಂದಾಗಿ ಕೊಯ್ದು, ಮೇಲಿನ ಅಂಚು ಮೇಲೇ ಬರುವಂತೆ ಚೌಕಟ್ಟಿಗೆ ಹೊಂದಿಸಿ ಬಾಳೆ ನಾರಿನಿಂದ ಕಟ್ಟಿ. ಎರಿ ಬೆಸೆದುಕೊಂಡ ಮೇಲೆ ನಾರನ್ನು ಹುಳುಗಳೇ ಕಡಿದು ಹಾಕುತ್ತವೆ. ತುಪ್ಪ ತುಂಬಿದ ಎರಿಯನ್ನು ಮಾತ್ರ ಕಟ್ಟಬೇಡಿ. ಭಾರಕ್ಕೆ ಹರಿದು ಸೋರುತ್ತದೆ, ಸೋರಿದರೆ ರಾತ್ರಿಯೊಳಗೆ ಇರುವೆ ಬರುತ್ತದೆ. ರಾಣಿ ಪೆಟ್ಟಿಗೆಯೊಳಗೆ ಬಂದಿದೆಯೆಂದು ಖಚಿತಪಡಿಸಿಕೊಂಡು, ಮಡಕೆಯಿದ್ದ ಮರದಡಿಯಲ್ಲೇ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಇಡಿ. ಬಾಗಿಲಿಗೆ ರಾಣಿ ತಡೆ (ರಾಣಿ ಹೊರಹೋಗಲಾಗದ ಸಣ್ಣ ಸಂದಿಗಳ ಜಾಲರಿ) ಹಾಕುವುದಾದರೆ ಮೂರ್ನಾಲ್ಕು ದಿನ ಮಾತ್ರ. ಅದಕ್ಕಿಂತ ಹೆಚ್ಚು ಬಿಟ್ಟರೆ ಗಂಡುನೊಣಗಳು ಹೊರಬರಲಾಗದೆ ಸಿಕ್ಕಿಕೊಂಡು ಸಾಯುತ್ತವೆ.

ಮೊದಲ ವಾರ ಸಕ್ಕರೆ–ನೀರು ಸಮಪಾಲಿನ ಪಾಕ, ದಿನಕ್ಕೆ 200 ಮಿ.ಲೀ., ಕತ್ತಲಾದ ಮೇಲೆ ಪೆಟ್ಟಿಗೆಯ ಒಳಗೇ ಕೊಡಿ. ಹಗಲಲ್ಲಿ ಹೊರಗಿಟ್ಟರೆ ಬೇರೆ ಗೂಡಿನವು ದರೋಡೆಗೆ ಬರುತ್ತವೆ. ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿರಲಿ. ಹುಲ್ಲಿನ ಒಂದೇ ಎಸಳು ತಾಗಿದರೂ ಅದೇ ಇರುವೆಗೆ ಸೇತುವೆ.

ಮೇಣದ ಪತಂಗ ದೊಡ್ಡ ಶತ್ರು. ತುಡುವೆ ಮರದ ಅಂಟು ತಂದು ಬಿರುಕು ಮುಚ್ಚುವುದಿಲ್ಲ, ಕಡಿದ ಮೇಣದ ಪುಡಿಯನ್ನೂ ಅಡಿಹಲಗೆಯ ಮೇಲೇ ಬಿಡುತ್ತದೆ. ಪತಂಗ ಮೊಟ್ಟೆಯಿಡುವುದು ಅಂಥ ಜಾಗಗಳಲ್ಲೇ. ವಾರಕ್ಕೊಮ್ಮೆ ಅಡಿಹಲಗೆ ಕೆರೆದು ತೆಗೆಯಿರಿ, ಜೇನುಹುಳುಗಳು ಕೂತಿರದ ಎರಿಗಳನ್ನು ಹೊರತೆಗೆಯಿರಿ. ಜೇನಿನ ಮೈಗೆ ಅಂಟುವ ವರೋವಾ ನುಸಿಗೆ ಔಷಧಿ ಬೇಕಿಲ್ಲ. ಅದು ಹೆಚ್ಚಾಗಿ ಗಂಡುಮರಿಯ ಕೋಣೆಗಳಲ್ಲೇ ಬೆಳೆಯುತ್ತದೆ, ಉಳಿದದ್ದನ್ನು ಹುಳುಗಳು ಮೈ ಕೆರೆದು ಬೀಳಿಸುತ್ತವೆ.

ಕಳುತರ, ಕೇಗಾಲೆ, ರತ್ನಪುರದ ಕಡೆ ತುಪ್ಪ ಬರುವುದು ರಬ್ಬರ್ ತೋಟದಿಂದ. ಎಲೆ ಉದುರಿ ಫೆಬ್ರವರಿ–ಮಾರ್ಚ್‌ನಲ್ಲಿ ಚಿಗುರುವಾಗ, ಎಳೆಯೆಲೆಯ ತೊಟ್ಟು ಕೂಡುವಲ್ಲಿರುವ ಗ್ರಂಥಿಗಳು ಮಕರಂದ ಸುರಿಸುತ್ತವೆ. ಇದು ಹೂವಿನದಲ್ಲದ ಕಾರಣ ಪರಾಗ ಸಿಗದು. ಮರಿ ಬೆಳೆಯಲು ಹತ್ತಿರದಲ್ಲಿ ಪರಾಗ ಕೊಡುವ ತೆಂಗಿನಂಥ ಮರಗಳಿರಬೇಕು. ಮೊಟ್ಟೆ ಬೆಳೆದ ಜೇನುಹುಳುವಾಗಲು ಸುಮಾರು 20 ದಿನ, ಅದು ಮೇಯಲು ಹೊರಡಲು ಇನ್ನೆರಡು ವಾರ. ಹಾಗಾಗಿ ಜನವರಿ ಮೊದಲಲ್ಲೇ ಪಾಕ ಕೊಟ್ಟು ಕುಟುಂಬ ಬೆಳೆಸಿ. ಚಿಗುರು ಒಡೆದ ಮೇಲೆ ಶುರುಮಾಡಿದರೆ ತಡವಾಯಿತು. ಬೂದಿರೋಗ ತಗುಲಿ ಚಿಗುರು ಉದುರಿದ ವರ್ಷ ತುಪ್ಪದ ಆಸೆ ಬಿಟ್ಟು ಹುಳುಗಳನ್ನು ಉಳಿಸಿಕೊಳ್ಳಿ.

ಇದೇ ಹೊತ್ತಿಗೆ ಪಾಲಾಗುವ, ಅಂದರೆ ಹಳೆ ರಾಣಿಯೊಡನೆ ಅರ್ಧ ಕುಟುಂಬ ಹೊರಹಾರುವ, ಹುಮ್ಮಸ್ಸೂ ಬರುತ್ತದೆ. ಎರಿಯ ಕೆಳಅಂಚಲ್ಲಿ ರಾಣಿಕೋಣೆ (ಹೊಸ ರಾಣಿ ಬೆಳೆಯುವ ಕೋಣೆ) ಕಂಡರೆ ನೀವೇ ಪಾಲು ಮಾಡಿ: ಹಳೆ ರಾಣಿ, ಮರಿಯ ಎರಡು ಚೌಕಟ್ಟು, ಅವುಗಳ ಮೇಲಿನ ಹುಳುಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ. ಹಳೆಯದರಲ್ಲಿ ಒಂದೇ ಒಳ್ಳೆಯ ರಾಣಿಕೋಣೆ ಉಳಿಸಿ.

ಎರಿಯ ಮುಕ್ಕಾಲು ಭಾಗಕ್ಕೆ ಮೇಣದ ಮುಚ್ಚಳ ಬಿದ್ದ ಮೇಲೆ ತುಪ್ಪ ತೆಗೆಯಿರಿ. ಹಸಿಯಾದದ್ದು ನೀರು ಹೆಚ್ಚಾಗಿ ಹುಳಿಯುತ್ತದೆ. ಸಂಸಾರ ಕೋಣೆಯ ತುಪ್ಪವನ್ನು ಮುಟ್ಟಲೇಬೇಡಿ: ಮೇ ತಿಂಗಳಿಂದ ನೈಋತ್ಯ ಮಳೆ ಹಿಡಿದಾಗ ಅವುಗಳಿಗೆ ಅದೇ ಆಹಾರ. ಬರಿದಾದ ಗೂಡನ್ನು ತುಡುವೆ ಕಾಯುವುದಿಲ್ಲ.

ಬೆಟ್ಟದೂರು ಬಂಡಾರವೆಲದ ಕಡೆಯ ನೀಲಗಿರಿ ಮರದ ತೋಪುಗಳಿಗೆ ಪೆಟ್ಟಿಗೆ ಸಾಗಿಸುವವರು ರಾತ್ರಿ ಹೊರಡಲಿ. ಎರಿಗಳು ಗಾಡಿ ಸಾಗುವ ದಿಕ್ಕಿಗೆ ಉದ್ದವಾಗಿರಬೇಕು, ಅಡ್ಡವಿದ್ದರೆ ಬ್ರೇಕ್ ಹಾಕಿದಾಗ ಹೊಸ ಎರಿಗಳು ತೂಗಾಡಿ ಮುರಿಯುತ್ತವೆ.

ಗೋಡೆಯ ಸಂದಿಯಲ್ಲಿ ಸಿಗುವ ಕಣೆಯ್ಯಾ, ಅಂದರೆ ಮುಜಂಟಿ, ಚುಚ್ಚುವುದಿಲ್ಲ. ತುಪ್ಪ ಬಹಳ ಕಡಿಮೆ. ಅದನ್ನು ಚಿಕ್ಕ ಪೆಟ್ಟಿಗೆಯಲ್ಲಿಡಬಹುದು. ಅಂಚಿನ ತುಪ್ಪದ ಗುಳ್ಳೆಗಳನ್ನಷ್ಟೇ ತೆಗೆದು, ನಡುವಿನ ಮರಿಗೊಂಚಲನ್ನು ಹಾಗೇ ಬಿಟ್ಟು, ಮುಚ್ಚಳದ ಸಂದಿಗೆ ಕೂಡಲೇ ಮೇಣ ಮೆತ್ತಿಬಿಡಿ.