ವಾರಕ್ಕೊಂದು ಪರಾಶಾ, ಒಂದು ಪ್ರಶ್ನೆ, ಒಂದು ಕೆಲಸ: ನನ್ನ ಅನುಭವ

ಬೈಬಲ್‌ನ ಮೊದಲ ಐದು ಪುಸ್ತಕಗಳನ್ನು ವಾರಕ್ಕೊಂದು ಪಾಲಿನಂತೆ ಓದುತ್ತೇವೆ ಎಂದಾಗ “ಮೂರನೆಯದಾದ ಯಾಜಕಕಾಂಡ ಬರಲಿ, ನಿಮ್ಮ ಓದು ಅಲ್ಲೇ ನಿಲ್ಲುತ್ತದೆ” ಎಂದವರೇ ಹೆಚ್ಚು. ಬಲಿ, ಕುಷ್ಠ, ಜನಗಣತಿ, ಗುಡಾರದ ಅಳತೆ, ಇದರಲ್ಲೆಲ್ಲ ವಾರಕ್ಕೊಂದು ಆತ್ಮಿಕ ಪಾಠ ಎಲ್ಲಿಂದ ತರುತ್ತೀರಿ ಎಂದು ಕೇಳಿದ್ದರು. ಇಸ್ರೇಲಿನಲ್ಲಿ ಮನೆ ಆರೈಕೆ ಕೆಲಸದಲ್ಲಿರುವ ಕನ್ನಡದವರ ನಮ್ಮ ಸಣ್ಣ ಗುಂಪು ಈಗ ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗೆ ಇಡೀ ಸುತ್ತು ಮುಗಿಸಿದೆ, ಒಂದು ವಾರವೂ ಬಿಡದೆ. ಯೆಹೂದ್ಯರು ಈ ಐದು ಪುಸ್ತಕಗಳನ್ನು ವರ್ಷಕ್ಕೊಂದು ಸುತ್ತು ಓದಲು ಮಾಡಿಕೊಂಡ ವಾರದ ಪಾಲೇ ಪರಾಶಾ; ರಶಿ ಅವಕ್ಕೆ ಟೀಕೆ ಬರೆದ ಮಧ್ಯಯುಗದ ಯೆಹೂದ್ಯ ಪಂಡಿತ. ನೇರ ಕೆಲಸಕ್ಕೆ ಬರುತ್ತೇನೆ.

ಕ್ರಮ ನಮ್ಮದಲ್ಲ, ಹಳೆಯದು. ಮೂಲ ಎರಡು ಸಲ, ಅರಾಮಿಕ್ ಅನುವಾದ ಒಂದು ಸಲ ಎಂದು ಯೆಹೂದ್ಯರ ಹಳೆಯ ಧರ್ಮಗ್ರಂಥ ತಲ್ಮೂದಿನ ಬೆರಾಖೋತ್ ಎಂಬ ಭಾಗ ಹೇಳುತ್ತದೆ. ಬರೀ ಊರ ಹೆಸರುಗಳಿರುವ “ಅಟಾರೋತ್, ದೀಬೋನ್” ವಚನವನ್ನೂ ಬಿಡಬಾರದು ಎನ್ನುತ್ತದೆ. ಅರಾಮಿಕ್ ಬದಲು ರಶಿಯ ಟೀಕೆ ಓದಬಹುದು ಎಂದು ಯೆಹೂದ್ಯರ ವಿಧಿಸಂಗ್ರಹ ಶುಲ್ಹಾನ್ ಅರುಖ್ ಒಪ್ಪುತ್ತದೆ. ನಾವು ಯೆಹೂದ್ಯರಲ್ಲ, ಆ ವಿಧಿ ನಮ್ಮ ಮೇಲಿಲ್ಲ. ಆದರೂ ಕನ್ನಡ ಬೈಬಲ್ ಎರಡು ಸಲ, ರಶಿ ಒಂದು ಸಲ ಎಂದು ಇಟ್ಟುಕೊಂಡೆವು. ಪ್ರತಿ ಪರಾಶಾಗೂ ಏಳು ಭಾಗ: ಭಾನುವಾರ ಮೊದಲ ಭಾಗ, ಸೋಮವಾರ ಎರಡನೆಯದು, ಹೀಗೆ ಸಾಗಿ ಶುಕ್ರವಾರ ಮಧ್ಯಾಹ್ನದೊಳಗೆ ಏಳೂ ಮುಗಿಯಬೇಕು.

ಇಲ್ಲಿ ಮೊದಲ ತೊಡಕು. ಏಳು ಭಾಗಗಳು ಸಮವಿಲ್ಲ. ಕೀ ತೀಸಾ ಎಂಬ ಪರಾಶಾದ 139 ವಚನಗಳಲ್ಲಿ 92 ಮೊದಲೆರಡು ಭಾಗಕ್ಕೇ ಹೋಗುತ್ತವೆ. ಸಭಾಮಂದಿರದ ಓದಿನಲ್ಲಿ ಎರಡನೆಯ ಭಾಗ ಲೇವಿಕುಲದವನದು. ಇಸ್ರೇಲರು ಚಿನ್ನದ ಕರುವನ್ನು ಪೂಜಿಸಿದ ಪಾಪಕ್ಕೆ ಲೇವಿಕುಲ ಸೇರಲಿಲ್ಲ, ಆ ಕಥೆಯನ್ನು ಅವರೇ ಓದಲಿ ಎಂಬುದು ಹೇಳುತ್ತಾ ಬಂದಿರುವ ಕಾರಣ. ಕೆಲಸದವರಿಗೆ ಸೋಮವಾರ ಅಷ್ಟು ಓದುವುದು ಆಗದ ಮಾತು. ಆ ವಾರ ಭಾಗಗಳನ್ನು ಬಿಟ್ಟು ದಿನಕ್ಕೆ ಇಪ್ಪತ್ತು ಚಿಲ್ಲರೆ ವಚನ ಎಂದು ಹಂಚಿ. ಮಟ್ಟೋತ್, ಮಸ್ಸೆ ಎಂಬ ಎರಡು ಪರಾಶಾ ಒಂದೇ ವಾರ ಜೋಡಿಯಾಗಿ ಬಂದರೆ 244 ವಚನ, ಅದಕ್ಕೂ ಹಾಗೆಯೇ.

ಎರಡನೆಯದು ವಚನದ ಅಂಕಿ. ಹೀಬ್ರೂ ಪುಸ್ತಕದಲ್ಲಿ ತ್ಸವ್ ಪರಾಶಾ ಶುರುವಾಗುವುದು ಯಾಜಕಕಾಂಡ 6:1ಕ್ಕೆ, ಕನ್ನಡ ಬೈಬಲ್‌ನಲ್ಲಿ ಅದೇ 6:8. ವಯಿಶ್ಲಾಖ್ ಪರಾಶಾ ಅಲ್ಲಿ ಆದಿಕಾಂಡ 32:4, ನಮ್ಮಲ್ಲಿ 32:3. ಅಂಕಿ ನೋಡಿ ಹಂಚಿದರೆ ಅರ್ಧ ಗುಂಪು ಬೇರೆ ಕಡೆ ಓದುತ್ತಿರುತ್ತದೆ. ವಚನದ ಮೊದಲ ಮಾತನ್ನೇ ಬರೆದು ಕಳಿಸಿ. ಊರಿಗೆ ಮರಳಿದವರು ಫೋನಿನಲ್ಲಿ ಸೇರುವುದಾದರೆ ಪರಾಶಾ ಕ್ಯಾಲೆಂಡರನ್ನು “ಇಸ್ರೇಲ್” ಎಂದು ಇಡಿಸಿ. ಪಸ್ಕ ಹಬ್ಬ ಇಸ್ರೇಲಿನಲ್ಲಿ ಏಳು ದಿನ, ಹೊರದೇಶದಲ್ಲಿ ಎಂಟು; 2022ರಲ್ಲಿ ಆ ಎಂಟನೇ ದಿನ ಶನಿವಾರ ಬಿದ್ದು, ಏಪ್ರಿಲ್ ಕೊನೆಯಿಂದ ಜುಲೈ ಕೊನೆಯವರೆಗೆ ಹೊರದೇಶದ ಓದು ಒಂದು ವಾರ ಹಿಂದೆ ನಡೆದಿತ್ತು.

ಇನ್ನು ಪಾಠದ ವಿಷಯ. ಮೊದಲು ಪಾಠ ಇಟ್ಟುಕೊಂಡು ಆಮೇಲೆ ವಚನ ಹುಡುಕಿದರೆ ಮೂರು ತಿಂಗಳಲ್ಲಿ ಸರಕು ಖಾಲಿ: ತಗ್ಗು, ಕ್ಷಮಿಸು, ನಂಬು, ಮತ್ತೆ ತಗ್ಗು. ಇದೇ ಕಾರಣಕ್ಕೆ ನಿಂತ ಗುಂಪುಗಳನ್ನು ಕಂಡಿದ್ದೇನೆ. ಇಸ್ರೇಲಿನ ಬೈಬಲ್ ಶಿಕ್ಷಕಿ ನೆಹಾಮಾ ಲೈಬೊವಿಟ್ಜ್ 1942ರಿಂದ ವಾರವಾರ ಹಂಚಿದ ಪ್ರಶ್ನೆಪತ್ರಗಳ ದಾರಿ ಬೇರೆ: ರಶಿಗೆ ಇಲ್ಲಿ ಏನು ಕಾಡಿತು ಎಂದು ಕೇಳಿ. ಪ್ರಶ್ನೆ ಸಿಕ್ಕರೆ ಪಾಠ ತಾನೇ ಬರುತ್ತದೆ.

ಯಾಜಕಕಾಂಡ 14:36 ನೋಡಿ. ಗೋಡೆಯಲ್ಲಿ ಕಲೆ ಕಂಡು ಮನೆಗೆ ಕುಷ್ಠ ತಗಲಿದೆ ಎಂಬ ಅನುಮಾನ. ಯಾಜಕ ಒಳಗೆ ಹೋಗುವ ಮೊದಲೇ ಸಾಮಾನು ಹೊರಗಿಡಬೇಕು. ಯಾಕೆ? ಅವನು ನೋಡಿ ಅಶುದ್ಧ ಎಂದ ಮೇಲೆ ಒಳಗಿದ್ದದ್ದೆಲ್ಲ ಅಶುದ್ಧ. ಮರ, ಲೋಹದ ಪಾತ್ರೆಗಳನ್ನು ನೀರಲ್ಲಿ ಅದ್ದಿ ಶುದ್ಧ ಮಾಡಬಹುದು, ಮಣ್ಣಿನ ಮಡಕೆಗೆ ಆ ದಾರಿಯಿಲ್ಲ, ಒಡೆಯಲೇಬೇಕು. ನಾಲ್ಕು ಕಾಸಿನ ಮಡಕೆ ಉಳಿಯಲಿ ಎಂದು ಯಾಜಕನೇ ಬಾಗಿಲಲ್ಲಿ ಕಾಯುತ್ತಾನೆ. ನೋಡಿಕೊಳ್ಳುವ ಅಜ್ಜಿಯ ಒಂದು ಹಳೆಯ ವಸ್ತುವನ್ನೂ ಕೇಳದೆ ಎಸೆಯಬಾರದು: ಆ ವಾರ ನಮಗೆ ಸಿಕ್ಕ ಕೆಲಸ ಅದು. ಪಾಠ ಅಂದರೆ ಶನಿವಾರ ಸಂಜೆಯಿಂದ ಮುಂದಿನ ಶುಕ್ರವಾರದೊಳಗೆ ಮಾಡಿ ಮುಗಿಸಬಹುದಾದ ಒಂದೇ ಕೆಲಸ. ಎರಡು ಕೊಟ್ಟರೆ ಯಾರೂ ಒಂದನ್ನೂ ಮಾಡುವುದಿಲ್ಲ.

ದುಡ್ಡಿನ ಪಾಠ ಪೆಕೂದೆ ಪರಾಶಾದಿಂದ. ವಿಮೋಚನಕಾಂಡ 38ರಲ್ಲಿ 6,03,550 ಗಂಡಸರು ದೇವರ ಗುಡಾರಕ್ಕೆ ತಲೆಗೆ ಅರ್ಧ ಶೆಕೆಲ್ ತೂಕದ ಬೆಳ್ಳಿ ಕೊಟ್ಟರು, ಒಟ್ಟು 3,01,775. ತಲಾಂತು ಎಂಬ ದೊಡ್ಡ ತೂಕಕ್ಕೆ 3,000 ಶೆಕೆಲ್. ನೂರು ಗದ್ದಿಗೇಕಲ್ಲಿಗೆ ನೂರು ತಲಾಂತು, ಉಳಿದ 1,775 ಶೆಕೆಲ್ ಕಂಬಗಳ ಕೊಂಡಿಗೆ. ಲೆಕ್ಕ ಕರಾರುವಾಕ್ಕು. ಮೋಶೆಯಂಥವನೇ ಕೊಂಡಿಯವರೆಗೆ ಲೆಕ್ಕ ಒಪ್ಪಿಸಿದ. ಕಾಗದದಲ್ಲಿ ಈ ಗುಣಾಕಾರ ಗುಂಪಿನಲ್ಲೇ ಮಾಡಿಸಿ; ಪ್ರವಚನಕ್ಕಿಂತ ಜೋರಾಗಿ ನಾಟುತ್ತದೆ. ನಮ್ಮ ಖರ್ಚನ್ನೂ ಆ ವಾರವೇ ಗೋಡೆಗೆ ಅಂಟಿಸಿದೆವು. ಬಣ್ಣದ ಎರಡು ಹಾಳೆ ಹಂಚುತ್ತಿದ್ದಾಗ ತಿಂಗಳಿಗೆ 200 ಶೆಕೆಲ್ ಆಸುಪಾಸು ಮುದ್ರಣಕ್ಕೇ ಹೋಗುತ್ತಿತ್ತು. ಒಂದೇ ಕಪ್ಪು-ಬಿಳುಪು ಹಾಳೆಗೆ ಇಳಿಸಿದ ಮೇಲೆ 30ರ ಒಳಗೆ. ರಶಿಯ ಐದು ಸಂಪುಟ ಹಳೇ ಪುಸ್ತಕದಂಗಡಿಯಲ್ಲಿ 150ಕ್ಕೋ ಏನೋ ಸಿಕ್ಕಿದವು. ಹೊಸದು ಕೊಳ್ಳುವ ಅಗತ್ಯವೇ ಇಲ್ಲ.

ಪರಾಶಾ ಜೊತೆಗೆ ಓದುವ ಪ್ರವಾದಿಗಳ ಪುಸ್ತಕದ ಭಾಗ, ಅಂದರೆ ಹಫ್ತಾರಾವನ್ನೂ ಸೇರಿಸಿ ನೋಡಿದೆವು. ಸಮಯ ಇಮ್ಮಡಿಯಾಗಿ ಪ್ರಶ್ನೆಗೆ ಜಾಗ ಉಳಿಯಲಿಲ್ಲ, ಬಿಟ್ಟೆವು. ಹಿಂದೆ ಈ ನಾಡಿನಲ್ಲೇ ಇದ್ದ ಸುಮಾರು ಮೂರು ವರ್ಷದ ಸುತ್ತನ್ನೂ ಕೆಲವು ವಾರ ಹಿಡಿದೆವು. ಓದು ಹಗುರ, ನಿಜ. ಆದರೆ ಊರಿಡೀ ಒಂದು ಓದುವಾಗ ನಾವು ಇನ್ನೊಂದು ಓದುತ್ತಿದ್ದರೆ ಮನೆಯ ಹಿರಿಯರನ್ನು ಕೇಳಿ ತಿಳಿಯುವ ದೊಡ್ಡ ಲಾಭ ತಪ್ಪುತ್ತದೆ.

ಯಾವ ವಚನದಿಂದ ಪ್ರಶ್ನೆ ಎತ್ತಬೇಕೆಂದು ಹತ್ತು ನಿಮಿಷದಲ್ಲಿ ಆರಿಸುವ ಗುರುತು ನನ್ನಲ್ಲಿದೆ. ಅದನ್ನು ಬರೆಯುವುದಿಲ್ಲ, ಒಂದು ಸುತ್ತು ಮುಗಿಸಿದವರಿಗೆ ಕೈಗೇ ಸಿಗುತ್ತದೆ.

ಹೊಸದಾಗಿ ಹಿಡಿಯುವವರು ಹಳೆಯ ಸುತ್ತು ಮುಗಿಯುವ ಸಿಮ್ಹತ್ ತೋರಾ ಹಬ್ಬ ಕಳೆದ ಮೇಲೆ ಮೊದಲ ಪರಾಶಾ ಬೆರೆಶೀತ್‌ನಿಂದಲೇ ಹಿಡಿಯಿರಿ. 54 ಪರಾಶಾಗಳಲ್ಲಿ ಕೊನೆಯದಾದ ವಜೋತ್ ಹಬೆರಾಖಾಗೆ ತನ್ನದೇ ಶನಿವಾರ ಇಲ್ಲ, ಆ ಹಬ್ಬದ ದಿನವೇ ಓದುತ್ತಾರೆ; ವಾರದ ಪಟ್ಟಿಯನ್ನಷ್ಟೇ ನಂಬಿದವರಿಗೆ ಇದೇ ತಪ್ಪಿಹೋಗುವುದು. 41 ವಚನ. ಸುತ್ತಿನ ಕೊನೆಗೆ, ಸಿಮ್ಹತ್ ತೋರಾಕ್ಕೆ ಮುಂಚಿನ ಸುಕ್ಕೋತ್ ಹಬ್ಬದ ರಜೆಯಲ್ಲೇ ಎರಡು ಕಂತಿನಲ್ಲಿ ಮುಗಿಸಿಬಿಡಿ.